ಶನಿವಾರದ ಬೆಟ್ಟಕ್ಕೆ ವಾರದ ಬೆನ್ನು

ಫೆಬ್ರವರಿ ಮುಗೀತಾ ಬಂತು ಅಂದ್ರೆ ಬೆಂಗಳೂರಿನ ರಸ್ತೆಗಳಿಗೆ ಗುಲಾಬಿ ಬಣ್ಣ ಬಂದುಬಿಡುತ್ತೆ. ಟಬೂಬಿಯಾ ಮರಗಳು ಎಲೆ ಉದುರಿಸಿ ಬರೀ ಹೂವಾಗಿ ನಿಂತಿರುತ್ತವೆ. ಬೆಳಗಿನ ಚಳಿ ಹೋಗಿ, ಬಿಸಿಲು ಇನ್ನೂ ಕೆರಳದ ಕೆಲವೇ ವಾರಗಳು ಇವು. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದೇ ಪ್ರಶ್ನೆ: "ಈ ಶನಿವಾರ ಎಲ್ಲಿಗೆ?" ಒಬ್ಬರು ಸ್ಕಂದಗಿರಿ ಅಂತಾರೆ, ಇನ್ನೊಬ್ಬರು ಸಾವನದುರ್ಗ, ಮತ್ತೊಬ್ಬರು ನಂದಿ ಬೆಟ್ಟಕ್ಕೆ ಸೈಕಲ್. ಊರು ಬಿಟ್ಟು ಹೋಗದವರಿಗೂ ಕೆಲಸ ಇದ್ದೇ ಇರುತ್ತೆ. ಟೆರೇಸ್ ಮೇಲಿನ ಕುಂಡಗಳ ಮಣ್ಣು ಬದಲಿಸಬೇಕು, ಯುಗಾದಿಗೆ ಮುಂಚೆ ಅಟ್ಟ ಖಾಲಿ ಮಾಡಿ ಧೂಳು ಹೊಡೆಯಬೇಕು, ಹಾಸಿಗೆ ಬಿಸಿಲಿಗೆ ಹಾಕಬೇಕು.

ಆಮೇಲೆ ಸೋಮವಾರ ಬರುತ್ತೆ. ಆಫೀಸಿನ ಕಾಫಿ ಮಷೀನ್ ಹತ್ತಿರ ನಾಲ್ಕು ಜನ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿರ್ತಾರೆ. "ಬೆಟ್ಟ ಹತ್ತಿದ್ದು ಜಾಸ್ತಿ ಆಯ್ತು" ಅಂತಾರೆ.

ಬೆಟ್ಟ ಪಾಪ, ಏನೂ ಮಾಡಿಲ್ಲ. ಐದು ದಿನ ಕುರ್ಚಿಯಲ್ಲಿ ಮಡಚಿಟ್ಟ ದೇಹವನ್ನ ಆರನೇ ದಿನ ಬಿಚ್ಚದೆಯೇ ಬೆಟ್ಟಕ್ಕೆ ಕರೆದುಕೊಂಡು ಹೋಗಿರುತ್ತೇವೆ, ಅಷ್ಟೇ.

ದಿನಕ್ಕೆ ಎಂಟೊಂಬತ್ತು ಗಂಟೆ ಕೂತಾಗ ಸೊಂಟದ ಮುಂಭಾಗದ ಸ್ನಾಯುಗಳು ಮೊಟಕಾದ ಸ್ಥಿತಿಯಲ್ಲೇ ಇರುತ್ತವೆ. ಪೃಷ್ಠದ ಸ್ನಾಯುಗಳಿಗೆ ಕೆಲಸವೇ ಇರುವುದಿಲ್ಲ. ಭುಜ ಮುಂದಕ್ಕೆ ಬಂದು ಎದೆ ಕುಗ್ಗುತ್ತೆ. ನಮ್ಮ ತಲೆ ಸುಮಾರು 5 ಕೆ.ಜಿ. ತೂಗುತ್ತೆ. ಅದು ಲ್ಯಾಪ್‌ಟಾಪ್ ಕಡೆಗೆ ಬಾಗಿದಷ್ಟೂ ಕುತ್ತಿಗೆಯ ಹಿಂಭಾಗ ಅದನ್ನು ಹಿಡಿದು ನಿಲ್ಲಿಸೋಕೆ ಹೆಚ್ಚು ದುಡಿಯಬೇಕು. ಇದೇ ದೇಹದ ಬೆನ್ನಿಗೆ ಶನಿವಾರ ಬ್ಯಾಗ್ ಏರಿಸಿ ಬಂಡೆ ಹತ್ತಿಸಿದರೆ, ಪೃಷ್ಠ ಮತ್ತು ಹೊಟ್ಟೆ ಮಾಡಬೇಕಾದ ಕೆಲಸವನ್ನೆಲ್ಲ ಕೆಳಬೆನ್ನು ಒಂದೇ ಮಾಡುತ್ತೆ. ನೋವು ಅಲ್ಲಿಂದ ಶುರು.

ಹಾಗಾದ್ರೆ ಏನು ಮಾಡೋದು? ನನಗೆ ಉಪಯೋಗಕ್ಕೆ ಬಂದಿದ್ದು ಪಿಲಾಟೀಸ್. ಹೆಸರು ಕೇಳಿ ಸ್ಪ್ರಿಂಗ್ ಇರುವ ದುಬಾರಿ ಯಂತ್ರ, ಇನ್‌ಸ್ಟಾಗ್ರಾಮ್ ರೀಲ್ಸ್ ಅಂತ ದೂರ ಓಡಬೇಡಿ. ಇದರ ಹಿಂದೆ ಇರುವುದು ಒಬ್ಬ ಮನುಷ್ಯನ ಹೆಸರು. ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧದ ಸಮಯದಲ್ಲಿ ಇಂಗ್ಲೆಂಡಿನಲ್ಲಿದ್ದರು. ಜರ್ಮನ್ ಪ್ರಜೆ ಅನ್ನುವ ಕಾರಣಕ್ಕೆ ಅವರನ್ನು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಬಂಧಿಸಿಟ್ಟರು. ಆ ದಿನಗಳಲ್ಲೇ ಅವರು ತಮ್ಮ ವ್ಯಾಯಾಮ ಪದ್ಧತಿಯನ್ನು ಬೆಳೆಸಿದರು. 1920ರ ದಶಕದಲ್ಲಿ ನ್ಯೂಯಾರ್ಕ್‌ಗೆ ಹೋಗಿ ಸ್ಟುಡಿಯೋ ತೆರೆದರು. ಅವರು ಇಟ್ಟ ಹೆಸರು 'ಕಂಟ್ರಾಲಜಿ', ಅಂದ್ರೆ ಹಿಡಿತದ ವಿದ್ಯೆ. 1945ರ ಅವರ ಪುಸ್ತಕದಲ್ಲಿರುವ 34 ವ್ಯಾಯಾಮಗಳಿಗೆ ಯಂತ್ರವೇ ಬೇಡ, ಚಾಪೆ ಸಾಕು. ನನ್ನದಂತೂ ಮಡಚಿದ ಜಮಖಾನ.

"ನಮ್ಮ ಯೋಗಾನೇ ಇದೆಯಲ್ಲ, ಇದ್ಯಾಕೆ?" ಅಂತ ಕೇಳ್ತೀರಿ. ಯೋಗ ಮಾಡುವವರು ಖಂಡಿತ ಅದನ್ನೇ ಮುಂದುವರಿಸಿ. ಎರಡರಲ್ಲೂ ಹೋಲಿಕೆ ಬೇಕಾದಷ್ಟಿದೆ. ಕೆಳಗೆ ಹೇಳುವ 'ಸೇತುವೆ' ನಿಮಗೆ ಸೇತುಬಂಧಾಸನದ ನೆಂಟನಂತೆ ಕಾಣುತ್ತೆ. ಪಿಲಾಟೀಸ್‌ನಲ್ಲಿ ಭಂಗಿಯಲ್ಲಿ ತುಂಬ ಹೊತ್ತು ನಿಲ್ಲುವುದಕ್ಕಿಂತ, ನಡು ಅಲುಗಾಡದಂತೆ ಹಿಡಿದು ಕೈಕಾಲು ಆಡಿಸುವುದಕ್ಕೆ ಹೆಚ್ಚು ಒತ್ತು. ಬೆಟ್ಟ ಹತ್ತುವಾಗ ಬೇಕಾಗೋದೂ ಅದೇ ತಾನೇ?

ಇನ್ನೊಂದು ಮಾತು. ಒಳ್ಳೆ ಭಂಗಿ ಅಂದ್ರೆ ಎನ್‌ಸಿಸಿ ಪರೇಡಿನಲ್ಲಿ ನಿಂತಂತೆ ಎದೆ ಉಬ್ಬಿಸಿ ನಿಲ್ಲೋದಲ್ಲ. ಹಾಗೆ ಹತ್ತು ನಿಮಿಷ ನಿಂತರೆ ಅದಕ್ಕೂ ಬೆನ್ನು ನೋಯುತ್ತೆ. ಬಾಗಬೇಕಾದಾಗ ಬಾಗಿ, ಏಳಬೇಕಾದಾಗ ಸಲೀಸಾಗಿ ಎದ್ದು, ಯಾವ ಒಂದು ಜಾಗದ ಮೇಲೂ ಪೂರ್ತಿ ಭಾರ ಹಾಕದೆ ಇರೋದೇ ಒಳ್ಳೆ ಭಂಗಿ.

ನಾನು ವಾರದಲ್ಲಿ ನಾಲ್ಕು ದಿನ, ಹದಿನೈದು ನಿಮಿಷ ಮಾಡುವುದು ಇಷ್ಟು:

1. ಪಕ್ಕೆಯ ಉಸಿರು. ಅಂಗಾತ ಮಲಗಿ, ಮಂಡಿ ಮಡಚಿ, ಪಾದ ನೆಲಕ್ಕೆ. ಎರಡೂ ಕೈ ಪಕ್ಕೆಲುಬಿನ ಮೇಲೆ. ಮೂಗಿನಿಂದ ಉಸಿರು ಎಳೆದುಕೊಂಡಾಗ ಪಕ್ಕೆಗಳು ಅಗಲವಾಗಬೇಕು. ಬಿಡುವಾಗ ಹೊಕ್ಕುಳ ಕೆಳಗಿನ ಹೊಟ್ಟೆಯನ್ನು ಮೆಲ್ಲಗೆ ಒಳಕ್ಕೆ ತನ್ನಿ. ಟೈಟ್ ಜೀನ್ಸಿನ ಗುಂಡಿ ಹಾಕೋವಾಗ ಹೊಟ್ಟೆ ಒಳಗೆ ಹೋಗುತ್ತಲ್ಲ, ಅದರ ಅರ್ಧದಷ್ಟು ಸಾಕು. ಹತ್ತು ಸಲ.

2. ಸೇತುವೆ. ಅದೇ ಭಂಗಿಯಲ್ಲಿ ಉಸಿರು ಬಿಡುತ್ತಾ ಸೊಂಟ ಮೇಲೆತ್ತಿ. ಎತ್ತುವ ಕೆಲಸ ಪೃಷ್ಠದ್ದು, ಬೆನ್ನಿನದಲ್ಲ. ನಿಧಾನವಾಗಿ ಇಳಿಸಿ. ಎಂಟು ಸಲ.

3. ಬೆರಳು ಮುಟ್ಟಿಸುವುದು. ಅಂಗಾತ ಮಲಗಿ ಎರಡೂ ಕಾಲು ಎತ್ತಿ, ಮಂಡಿಯನ್ನು ಕುರ್ಚಿಯಲ್ಲಿ ಕೂತಂತೆ ಮಡಚಿ. ಒಂದೊಂದೇ ಕಾಲನ್ನು ಇಳಿಸಿ ಬೆರಳು ನೆಲಕ್ಕೆ ಮುಟ್ಟಿಸಿ, ವಾಪಸ್ ತನ್ನಿ. ಕೆಳಬೆನ್ನು ಕಮಾನಿನಂತೆ ಎದ್ದರೆ ಕಾಲು ಅಷ್ಟು ಕೆಳಗೆ ಬಿಡಬೇಡಿ. ಒಂದು ಕಡೆಗೆ ಎಂಟು.

4. ಪಕ್ಕಕ್ಕೆ ಮಲಗಿ ಕಾಲೆತ್ತುವುದು. ಮೇಲಿನ ಕಾಲನ್ನು ಒಂದಡಿಯಷ್ಟು ಎತ್ತಿ ಇಳಿಸಿ. ಒಂದು ಕಾಲಿಗೆ ಹತ್ತು. ಇಳಿಜಾರಿನಲ್ಲಿ ಮಂಡಿ ಒಳಕ್ಕೆ ವಾಲದಂತೆ ತಡೆಯುವುದು ಸೊಂಟದ ಪಕ್ಕದ ಈ ಸ್ನಾಯುಗಳೇ.

5. ಚಿಕ್ಕ ಹಂಸ. ಬೋರಲು ಮಲಗಿ, ಅಂಗೈ ಭುಜದ ಪಕ್ಕ. ಕೈಯಿಂದ ತಳ್ಳದೆ, ಎದೆಯನ್ನು ನಾಲ್ಕು ಬೆರಳಿನಷ್ಟು ಎತ್ತಿ. ನೋಟ ನೆಲದ ಮೇಲೇ ಇರಲಿ. ಆರು ಸಲ. ವಾರವೆಲ್ಲ ಮುಂದಕ್ಕೆ ಬಾಗಿದ ಬೆನ್ನಿಗೆ ಇದು ಉಲ್ಟಾ ದಿಕ್ಕು.

ಇಷ್ಟೆಲ್ಲ ಉತ್ಸಾಹದಿಂದ ಹೇಳುವ ನಾನು ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಅದನ್ನು ನನಗೆ ಕಲಿಸಿದ್ದು ನಮ್ಮಮ್ಮ.

ಅಮ್ಮನಿಗೆ ಅರವತ್ತೊಂದು. ಹೋದ ವರ್ಷ ಒಂದಿನ ಸೀರೆ ಉಡುತ್ತಾ, "ಯಾಕೋ ಈಗೀಗ ನೆರಿಗೆ ನೆಲ ಒರೆಸ್ತಿದೆ ಕಣೆ. ಸೀರೆ ಉದ್ದ ಆಯ್ತಾ?" ಅಂತ ನಕ್ಕರು. ಸೀರೆ ಉದ್ದ ಆಗಿರಲಿಲ್ಲ. ಅಳೆದು ನೋಡಿದರೆ, ಹಳೆಯ ಫೈಲಿನಲ್ಲಿದ್ದ ಎತ್ತರಕ್ಕಿಂತ ಅಮ್ಮ ಮೂರು ಸೆಂಟಿಮೀಟರ್ ಕಡಿಮೆ ಇದ್ದರು. ಡಾಕ್ಟರ್ ಮೂಳೆ ಸಾಂದ್ರತೆಯ ಪರೀಕ್ಷೆ ಬರೆದುಕೊಟ್ಟರು. ಆಸ್ಟಿಯೋಪೊರೋಸಿಸ್, ಅಂದ್ರೆ ಮೂಳೆ ಸವೆತ.

ಪ್ರತಿ ವರ್ಷ ಯುಗಾದಿ ಆಸುಪಾಸಿನಲ್ಲಿ ನಾವೆಲ್ಲ ಶಿವಗಂಗೆಗೆ ಹೋಗೋದು ರೂಢಿ. ಆ ಸಲ ಅಮ್ಮ, "ನೀವು ಹೋಗ್ಬನ್ನಿ, ನಾನು ಪ್ರಸಾದಕ್ಕೆ ಕಾಯ್ತೀನಿ" ಅಂದುಬಿಟ್ಟರು. ನಲವತ್ತು ವರ್ಷ ಆ ಮೆಟ್ಟಿಲು ಹತ್ತಿದವರ ಬಾಯಲ್ಲಿ ಆ ಮಾತು ಕೇಳೋಕೆ ಕಷ್ಟ ಆಯ್ತು. ನನ್ನ ಜೊತೆ ಪಿಲಾಟೀಸ್ ಮಾಡಿಸೋಣ ಅಂತ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆ. ಅವರು ಮೊದಲು ಹೇಳಿದ್ದು ಏನು ಮಾಡಬಾರದು ಅನ್ನೋದನ್ನ. ಮೂಳೆ ಸವೆದವರು ಬೆನ್ನನ್ನು ದುಂಡಗೆ ಬಗ್ಗಿಸುವ ವ್ಯಾಯಾಮ ಮಾಡಬಾರದು. ಪಿಲಾಟೀಸ್‌ನಲ್ಲಿ ಪ್ರಸಿದ್ಧವಾದ 'ರೋಲ್ ಅಪ್', ಚೆಂಡಿನಂತೆ ಉರುಳುವುದು, ತಲೆ ಭುಜ ಎತ್ತಿ ಮಾಡುವ 'ಹಂಡ್ರೆಡ್' ಎಲ್ಲ ಈ ಜಾತಿಗೇ ಸೇರಿದವು. ದುರ್ಬಲವಾದ ಬೆನ್ನುಮೂಳೆಯ ಮುಂಭಾಗದ ಮೇಲೆ ಒತ್ತಡ ಬಿದ್ದು ಅದು ಕುಸಿಯಬಹುದು. ಯೂಟ್ಯೂಬ್ ವಿಡಿಯೋ ಎಷ್ಟೋ ಶುರುವಾಗುವುದೇ ಇವುಗಳಿಂದ!

ಅಮ್ಮನಿಗೆ ಕೊಟ್ಟಿದ್ದು ಬೇರೆ ಪಟ್ಟಿ: ಪಕ್ಕೆಯ ಉಸಿರು, ಚಿಕ್ಕ ಹಂಸ, ಗೋಡೆ ತಳ್ಳುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಜೊತೆಗೆ ಬಾಗುವ ರೀತಿ. ಬೆನ್ನು ನೇರವಾಗಿಟ್ಟು, ಮಂಡಿ ಸಡಿಲಿಸಿ, ಸೊಂಟದ ಕೀಲಿನಿಂದ ಬಾಗಬೇಕು. ಮಾತ್ರೆ, ಕ್ಯಾಲ್ಸಿಯಂ ಡಾಕ್ಟರ್ ಹೇಳಿದಂತೆ. ಕಳೆದುಹೋದ ಮೂರು ಸೆಂಟಿಮೀಟರ್ ವಾಪಸ್ ಬಂದಿಲ್ಲ, ಬರುವುದೂ ಇಲ್ಲ. ಈ ಸಲ ಮಾತ್ರ ಅಮ್ಮ ಕೋಲು ಹಿಡಿದು ಗಂಗಾಧರೇಶ್ವರನ ಗುಡಿವರೆಗೆ ಬಂದರು. ಅಲ್ಲಿಂದ ಮೇಲಿನ ಕಡಿದಾದ ಮೆಟ್ಟಿಲು ನೋಡಿ, "ಅದು ನಿಮ್ಮದು" ಅಂದರು. ಅಲ್ಲೇ ಕೂತು ನಮಗಾಗಿ ಕಾದರು.

ನಿಮ್ಮ ಮನೆಯಲ್ಲೂ ಯಾರದಾದರೂ ಸೀರೆ, ಪಂಚೆ ಇದ್ದಕ್ಕಿದ್ದಂತೆ 'ಉದ್ದ' ಆಗಿದ್ದರೆ ನಕ್ಕು ಸುಮ್ಮನಾಗಬೇಡಿ. ಎತ್ತರ ಅಳೆದು ಡಾಕ್ಟರಿಗೆ ತೋರಿಸಿ. ಕಾಲಿಗೆ ಇಳಿಯುವ ನೋವು, ಜೋಮು, ಡಿಸ್ಕ್ ತೊಂದರೆ ಇರುವವರು, ಗರ್ಭಿಣಿಯರು ಕೂಡ ಕೇಳಿಕೊಂಡೇ ಶುರು ಮಾಡಿ.

ಚಾಪೆಯ ಮೇಲೆ ಕಲಿತದ್ದನ್ನು ಹೊರಗೆ ಬಳಸದಿದ್ದರೆ ಪ್ರಯೋಜನ ಇಲ್ಲ. ಬೆಟ್ಟ ಏರುವಾಗ ನಡು ಮಡಚಬೇಡಿ, ಕಣಕಾಲಿನಿಂದಲೇ ಇಡೀ ದೇಹ ತುಸು ಮುಂದಕ್ಕೆ ವಾಲಲಿ. ಬ್ಯಾಗಿನಲ್ಲಿ ಭಾರದ ವಸ್ತು ಬೆನ್ನಿಗೆ ಹತ್ತಿರ ಇರಲಿ, ಸೊಂಟದ ಪಟ್ಟಿ ಇದ್ದರೆ ಕಟ್ಟಿ. ಇಳಿಯುವಾಗ ಹೆಜ್ಜೆ ಚಿಕ್ಕದು, ಮಂಡಿ ಸಡಿಲ. ಸೈಕಲ್ ಮೇಲೆ ಭುಜ ಕಿವಿ ಹತ್ತಿರ ಏರಿದರೆ ಒಂದು ಉಸಿರು ಬಿಟ್ಟು ಕೆಳಗಿಳಿಸಿ. ಕುಂಡ ಎತ್ತುವಾಗ ಅದನ್ನು ಹೊಟ್ಟೆಗೆ ಹತ್ತಿರ ತಂದುಕೊಂಡು, ಉಸಿರು ಬಿಡುತ್ತಾ ಎತ್ತಿ. ಬಾಗಿಲಿಗೆ ಮಾವಿನ ತೋರಣ ಕಟ್ಟುವಾಗ ಕೆಳಗೆ ನಿಂತು ಕತ್ತು ಹಿಂದಕ್ಕೆ ಮುರಿಯೋ ಬದಲು ಗಟ್ಟಿಯಾದ ಸ್ಟೂಲ್ ಹತ್ತಿ.

ಒಂದು ವಾರ ಮಾಡಿದ ತಕ್ಷಣ ಏನೂ ಬದಲಾಗಲ್ಲ. ಹೊಸ ಬಲ ಬರೋಕೆ ಕೆಲವು ವಾರ ಬೇಕು. ಹಾಗಾಗಿ ಶನಿವಾರದ ಟ್ರೆಕ್‌ಗೆ ಶುಕ್ರವಾರ ರಾತ್ರಿ ತಯಾರಿ ಮಾಡಬೇಡಿ, ಸೋಮವಾರವೇ ಚಾಪೆ ಹಾಸಿ. ಇವತ್ತು ಬರೀ ಮೊದಲನೆಯದು, ಪಕ್ಕೆಯ ಉಸಿರು, ಹತ್ತು ಸಲ. ಫೋನ್ ಕೆಳಗಿಟ್ಟರೆ ಎರಡು ನಿಮಿಷವೂ ಬೇಡ.