ವಂಶವಾಹಿ ಪರೀಕ್ಷೆ: ಫಲಿತಾಂಶಕ್ಕೆ ಕಾವಲು ಯಾರು?

ನಡುವಯಸ್ಸಿನ ವ್ಯಕ್ತಿಯೊಬ್ಬನ ನಡಿಗೆ ಓಲಾಡತೊಡಗುತ್ತದೆ, ಮಾತು ತೊದಲುತ್ತದೆ, ಕೈಯಲ್ಲಿ ಹಿಡಿದ ಲೋಟ ತುಳುಕುತ್ತದೆ. ಕುಡಿದಿರಬೇಕೆಂದು ಕಂಡವರು ಆಡಿಕೊಳ್ಳುತ್ತಾರೆ. ಕಿರುಮೆದುಳು ಕ್ರಮೇಣ ಸವೆಯುವ ಅಟಾಕ್ಸಿಯಾ ಎಂಬ ಈ ಕಾಯಿಲೆಯ ಹಲವು ಬಗೆಗಳು ಅನುವಂಶಿಕ. ಎಸ್‌ಸಿಎ ಎಂದು ಕರೆಯಲಾಗುವ ಗುಂಪಿನಲ್ಲಿ ರೋಗಿಯ ಪ್ರತಿಯೊಂದು ಮಗುವಿಗೂ ಅದು ದಾಟುವ ಸಂಭವ ಶೇ 50. ಇನ್ನೂ ಆರೋಗ್ಯವಾಗಿರುವ ಮಗಳು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕೇ? ವೈದ್ಯಕೀಯವೆಂದು ತೋರುವ ಈ ಪ್ರಶ್ನೆ ನನ್ನ ದೃಷ್ಟಿಯಲ್ಲಿ ಕಾನೂನಿನ ಪ್ರಶ್ನೆಯೂ ಹೌದು.

ಭಾರತದಲ್ಲಿ ಹೆಚ್ಚಾಗಿ ಕಾಣುವ ಬಗೆಗಳಲ್ಲೊಂದಾದ ಎಸ್‌ಸಿಎ-2ನ್ನೇ ನೋಡೋಣ. ಇದರ ವಂಶವಾಹಿ ಪತ್ತೆಯಾದದ್ದು 1996ರಲ್ಲಿ. ಡಿಎನ್‌ಎಯಲ್ಲಿ ಸಿ, ಎ, ಜಿ ಎಂಬ ಮೂರಕ್ಷರಗಳು ಅಲ್ಲಿ ಒಂದರ ಹಿಂದೊಂದು ಮರುಕಳಿಸುತ್ತವೆ. ಬಹುಪಾಲು ಜನರಲ್ಲಿ 22 ಬಾರಿ. 35ನ್ನು ಮೀರಿದರೆ ಕಾಯಿಲೆ ಬಹುತೇಕ ಖಚಿತ. ಈ ಸರಣಿ ಸ್ಥಿರವಲ್ಲ. ತಲೆಮಾರಿನಿಂದ ತಲೆಮಾರಿಗೆ, ವಿಶೇಷವಾಗಿ ತಂದೆಯಿಂದ ಬಂದಾಗ, ಅದು ಹಿಗ್ಗುವುದುಂಟು. ಸರಣಿ ಉದ್ದವಾದಷ್ಟೂ ಕಾಯಿಲೆ ಬೇಗ ಎರಗುತ್ತದೆ. ತಂದೆಗೆ ನಲವತ್ತರಲ್ಲಿ ಬಂದದ್ದು ಮಗಳಿಗೆ ಇಪ್ಪತ್ತರಲ್ಲೇ ಬರಬಹುದು.

ಬೆಂಗಳೂರಿನ ನಿಮ್ಹಾನ್ಸ್ ಇಂತಹ ಕುಟುಂಬಗಳನ್ನು ಬಹುಕಾಲದಿಂದ ಅಧ್ಯಯನ ಮಾಡುತ್ತಿದೆ. ಈಗ ಖಾಸಗಿ ಪ್ರಯೋಗಾಲಯಗಳೂ ಈ ಪರೀಕ್ಷೆ ನಡೆಸುತ್ತವೆ. ಆದರೆ ಎಸ್‌ಸಿಎಯನ್ನು ತಡೆಯುವ ಔಷಧ ಇಲ್ಲ. ಫ್ರೀಡ್ರಿಕ್ ಅಟಾಕ್ಸಿಯಾ ಎಂಬ ಬೇರೊಂದು ಬಗೆಗೆ ಮಾತ್ರ 2023ರಲ್ಲಿ ಅಮೆರಿಕ ಒಂದು ಔಷಧಕ್ಕೆ ಒಪ್ಪಿಗೆ ನೀಡಿತು. ಇದೇ ಜಾತಿಯ ಹಂಟಿಂಗ್‌ಟನ್ ಕಾಯಿಲೆಯ ವಿಷಯದಲ್ಲಿ, ಪರೀಕ್ಷೆಗೆ ಮೊದಲೂ ಅನಂತರವೂ ಆಪ್ತ ಸಮಾಲೋಚನೆ ಬೇಕು, ಅಪ್ರಾಪ್ತರನ್ನು ಪರೀಕ್ಷಿಸಬಾರದು ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 1994ರಲ್ಲೇ ಬಂದಿದೆ. ನಮ್ಮಲ್ಲಿ ಅದರ ಪಾಲನೆ ಆಯಾ ಸಂಸ್ಥೆಯ ವಿವೇಕಕ್ಕೆ ಬಿಟ್ಟ ಮಾತಾಗಿದೆ.

ಸಮಾಲೋಚಕರಿದ್ದರೂ ಅವರು ವಿಮಾ ಸಂಸ್ಥೆಯನ್ನು ತಡೆಯಲಾರರು. ಅನುವಂಶಿಕ ಕಾಯಿಲೆಯೆಂಬ ಒಂದೇ ಕಾರಣಕ್ಕೆ ಆರೋಗ್ಯ ವಿಮೆ ನಿರಾಕರಿಸುವುದು ತಾರತಮ್ಯವೆಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು. ಬೆನ್ನಿಗೇ ವಿಮಾ ನಿಯಂತ್ರಣ ಪ್ರಾಧಿಕಾರವೂ ಆರೋಗ್ಯ ವಿಮಾ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಜೀವವಿಮೆಗೂ ಉದ್ಯೋಗಕ್ಕೂ ಅದು ಅನ್ವಯವಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ವಂಶವಾಹಿ ಮಾಹಿತಿಯನ್ನು ವಿಶೇಷ ಎಚ್ಚರ ಬೇಡುವ ವರ್ಗವಾಗಿ ಪರಿಗಣಿಸಿಯೇ ಇಲ್ಲ. ದೂರವಾಣಿ ಸಂಖ್ಯೆಗೂ ಡಿಎನ್‌ಎಗೂ ಒಂದೇ ತಕ್ಕಡಿ! ಅದೂ, ಒಬ್ಬಳ ವರದಿ ಆಕೆಯ ಅಣ್ಣತಮ್ಮಂದಿರ ಭವಿಷ್ಯವನ್ನೂ ಹೊರಗೆಡಹುವಾಗ. ಗಂಡಿನ ಕಡೆಯವರಿಗೆ ಸುಳಿವು ಸಿಕ್ಕರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಅಮೆರಿಕ ಇಂತಹ ತಾರತಮ್ಯದ ವಿರುದ್ಧ 2008ರಲ್ಲೇ ಕಾಯ್ದೆ ಮಾಡಿತು. ಉದ್ಯೋಗ ಹಾಗೂ ಆರೋಗ್ಯ ವಿಮೆ ಅದರ ವ್ಯಾಪ್ತಿಗೆ ಬಂದವು, ಜೀವವಿಮೆ ಹೊರಗುಳಿಯಿತು. ನಮ್ಮ ಸಂಸತ್ತು ಈ ಕೆಲಸಕ್ಕೆ ಕೈಹಾಕುವಾಗ ಮೂರನ್ನೂ ಸೇರಿಸಬೇಕು. ಲಕ್ಷಣಗಳಿಲ್ಲದವರ ಪರೀಕ್ಷೆಗೆ ಸಮಾಲೋಚನೆಯನ್ನು ಕಡ್ಡಾಯಗೊಳಿಸಲು ಮಾತ್ರ ಆ ಕಾಯ್ದೆಗಾಗಿ ಕಾಯಬೇಕಿಲ್ಲ. ಸರ್ಕಾರಿ ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಸಾಕು.