ಹಲ್ಲು ಉದುರಲು ವಯಸ್ಸು ಕಾರಣವಲ್ಲ

‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಂಬ ಗಾದೆ ನಿಮಗೆಲ್ಲ ಗೊತ್ತು. ಕಡಲೆ ಇಲ್ಲದ್ದಕ್ಕೆ ಬಡತನ ಕಾರಣ ಎನ್ನೋಣ. ಹಲ್ಲು ಇಲ್ಲದ್ದಕ್ಕೆ? ‘ವಯಸ್ಸಾಯಿತಲ್ಲ’ ಎಂದು ಹೇಳಿ ಸುಮ್ಮನಾಗುತ್ತೇವೆ. ಈ ಉತ್ತರವೇ ಸರಿಯಲ್ಲ. ವಯಸ್ಸಾದರೆ ಕೂದಲು ನರೆಯುತ್ತದೆ, ಕಣ್ಣು ಮಂಜಾಗುತ್ತದೆ. ಆದರೆ ವಸಡು ಆರೋಗ್ಯವಾಗಿದ್ದು ಹುಳುಕು ಹಿಡಿಯದಿದ್ದರೆ ಎಂಬತ್ತರಲ್ಲೂ ಹಲ್ಲು ಗಟ್ಟಿಯಾಗಿಯೇ ಇರುತ್ತದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯಂಥ ರಾಗಿ ಸೀಮೆಯಲ್ಲಿ ಈ ಮಾತನ್ನು ಹೇಳುವುದು ಕಷ್ಟ. ಇಲ್ಲಿಯ ಊಟ ಮುದ್ದೆ. ಅದನ್ನು ಯಾರೂ ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಹೀಗಾಗಿ ನಲವತ್ತು ದಾಟಿದ ಮೇಲೆ ಒಂದೆರಡು ದವಡೆ ಹಲ್ಲು ಹೋದರೂ ಊಟಕ್ಕೆ ತೊಂದರೆಯಾದಂತೆ ಕಾಣುವುದಿಲ್ಲ. ಆದರೆ ಗಮನಿಸಿ ನೋಡಿ. ಕಡಲೆಕಾಯಿ, ಮುಸುಕಿನ ಜೋಳ, ಸೀಬೆಹಣ್ಣು, ಹಸಿ ಸೌತೆಕಾಯಿ ಒಂದೊಂದಾಗಿ ಅಜ್ಜಿಯ ತಟ್ಟೆಯಿಂದ ಮಾಯವಾಗುತ್ತವೆ. ಉಳಿಯುವುದು ಮುದ್ದೆ, ಮೆತ್ತನೆಯ ಅನ್ನ, ಕಾಫಿಯಲ್ಲಿ ಅದ್ದಿದ ಬನ್ನು. ಸಕ್ಕರೆ ಕಾಯಿಲೆ ಇದ್ದವರಿಗಂತೂ ಇದು ದೊಡ್ಡ ನಷ್ಟ.

ಹಾಗಾದರೆ ಹಲ್ಲು ಹೋಗುವುದು ಹೇಗೆ? ನಾವು ಉಂಡದ್ದರ ಅಂಶ ಮತ್ತು ಬ್ಯಾಕ್ಟೀರಿಯಾಗಳು ಸೇರಿ ಹಲ್ಲಿನ ಮೇಲೆ ತೆಳುವಾದ ಪಾಚಿ ಕಟ್ಟುತ್ತವೆ. ದಿನವೂ ಉಜ್ಜಿದರೆ ಅದು ಹೋಗುತ್ತದೆ. ಬಿಟ್ಟರೆ ವಸಡಿನ ಅಂಚಿನಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ವರ್ಷಗಳು ಕಳೆದಂತೆ ಹಲ್ಲನ್ನು ಹಿಡಿದಿರುವ ಮೂಳೆಯೇ ಸವೆದು ಹಲ್ಲು ಅಲ್ಲಾಡತೊಡಗುತ್ತದೆ. ಬಹುಮಟ್ಟಿಗೆ ಇದೆಲ್ಲ ನೋವಿಲ್ಲದೆ ನಡೆಯುತ್ತದೆ, ಅದೇ ಅಪಾಯ. ಹುಳುಕು ಹಲ್ಲು ರಾತ್ರಿಯೆಲ್ಲ ನಿದ್ದೆಗೆಡಿಸಿ ನಮ್ಮನ್ನು ವೈದ್ಯರ ಬಳಿಗೆ ಓಡಿಸುತ್ತದೆ. ವಸಡಿನ ರೋಗ ಸದ್ದಿಲ್ಲದೆ ಬುಡವನ್ನೇ ತಿನ್ನುತ್ತದೆ.

ಇಲ್ಲಿ ನಾವು ಮಾಡುವ ದೊಡ್ಡ ತಪ್ಪೆಂದರೆ, ರಕ್ತ ಕಂಡ ಕೂಡಲೇ ಆ ಜಾಗವನ್ನು ಉಜ್ಜುವುದನ್ನೇ ಬಿಡುವುದು. ರಕ್ತ ಬರುವುದು ಅಲ್ಲಿ ಪಾಚಿ ಇದೆ ಎಂಬುದರ ಗುರುತು. ಮೆತ್ತನೆಯ ಬ್ರಷ್ಷಿನಿಂದ, ಅದರ ಎಳೆಗಳು ಅರ್ಧ ಹಲ್ಲಿಗೆ, ಅರ್ಧ ವಸಡಿನ ಅಂಚಿಗೆ ತಾಗುವಂತೆ ಹಗುರವಾಗಿ ಉಜ್ಜಿ. ಒಂದೆರಡು ವಾರಗಳಲ್ಲಿ ಸಾಮಾನ್ಯವಾಗಿ ರಕ್ತ ಕಡಿಮೆಯಾಗುತ್ತದೆ. ಆಗದಿದ್ದರೆ ದಂತ ವೈದ್ಯರಿಗೆ ತೋರಿಸಿ. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬುದು ತಪ್ಪು ತಿಳಿವಳಿಕೆ. ಗಾರೆಯ ಆಸರೆಯಲ್ಲಿ ನಿಂತಿದ್ದ ಹಲ್ಲು, ಗಾರೆ ತೆಗೆದಾಗ ತನ್ನ ನಿಜ ಸ್ಥಿತಿ ತೋರಿಸುತ್ತದೆ, ಅಷ್ಟೇ.

ಇನ್ನು ಉಜ್ಜುವ ಸಾಮಗ್ರಿ. ಬೇವಿನ ಕಡ್ಡಿ, ಹೊಂಗೆ ಕಡ್ಡಿ ಕೆಟ್ಟದ್ದಲ್ಲ. ತುದಿಯನ್ನು ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಳ್ಳಬೇಕು, ದವಡೆಯ ಒಳಭಾಗಕ್ಕೂ ತಲುಪಿಸಬೇಕು. ಆದರೆ ಇದ್ದಿಲು, ಇಟ್ಟಿಗೆ ಪುಡಿ, ಬೂದಿ ಬೇಡ. ಅವು ಹಲ್ಲಿನ ಹೊಳಪಿನ ಪದರವನ್ನೇ ಸವೆಸುತ್ತವೆ. ಆಮೇಲೆ ತಣ್ಣೀರು ಕುಡಿದರೂ ಹಲ್ಲು ಜುಂ ಎನ್ನುತ್ತದೆ. ನಶ್ಯ ಅಥವಾ ಕಡ್ಡಿಪುಡಿಯಿಂದ ಹಲ್ಲು ತಿಕ್ಕುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಹಲ್ಲುಪುಡಿ ಮತ್ತು ಪೇಸ್ಟುಗಳಲ್ಲಿ ತಂಬಾಕು ಬಳಸುವುದನ್ನು ಕೇಂದ್ರ ಸರ್ಕಾರ 1992ರಲ್ಲೇ ನಿಷೇಧಿಸಿತು. ನೋವು ಮರೆಸುವ ಆ ಪುಡಿ ಚಟ ಹತ್ತಿಸುತ್ತದೆ, ರೋಗವನ್ನು ವಾಸಿ ಮಾಡುವುದಿಲ್ಲ.

ಊಟವಾದ ಮೇಲಿನ ಎಲೆ ಅಡಿಕೆಯ ಮಾತೂ ಇದೇ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆದರೆ ಹೊಗೆಸೊಪ್ಪಿಲ್ಲದ ಎಲೆ ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ. ಶುಭಕಾರ್ಯದ ತಾಂಬೂಲವನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ದಿನವಿಡೀ ಕೆನ್ನೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವನ್ನು ಬಿಡಿ. ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಮಚ್ಚೆ ಕಂಡರೆ ತಡಮಾಡಬೇಡಿ.

ನೀರಿನ ವಿಷಯ ಒಂದಿದೆ. ನೆರೆಯ ತುಮಕೂರು, ಚಿಕ್ಕಬಳ್ಳಾಪುರ ಜಿಲ್ಲೆಗಳ ಹಲವೆಡೆ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಅಥವಾ ಕಂದು ಕಲೆ ಮೂಡಬಹುದು. ಅದು ಉಜ್ಜಿದರೆ ಹೋಗದು. ಮಗು ಸರಿಯಾಗಿ ಹಲ್ಲುಜ್ಜಲಿಲ್ಲ ಎಂದು ಗದರಬೇಡಿ, ಊರಿನ ನೀರನ್ನು ಪರೀಕ್ಷೆ ಮಾಡಿಸಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದೂ ನೆನಪಿರಲಿ.

ಮನೆಯಲ್ಲಿ ಒಂದೇ ಒಂದು ಅಭ್ಯಾಸ ಬದಲಿಸುವುದಾದರೆ, ರಾತ್ರಿ ಮಲಗುವ ಮುನ್ನ ಎರಡು ನಿಮಿಷ ಹಲ್ಲುಜ್ಜುವುದನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಉಜ್ಜುವುದನ್ನು ನಾವು ಹೇಗೂ ಮರೆಯುವುದಿಲ್ಲ. ಆದರೆ ನಿದ್ದೆಯಲ್ಲಿ ಬಾಯಿಯನ್ನು ತೊಳೆಯುವ ಜೊಲ್ಲು ಕಡಿಮೆಯಾಗುತ್ತದೆ, ಪಾಚಿಗೆ ಅದೇ ಸುಗ್ಗಿ. ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟು ಮಗುವನ್ನು ಮಲಗಿಸಬೇಡಿ. ಏಳೆಂಟು ವರ್ಷದವರೆಗೆ ಮಕ್ಕಳ ಹಲ್ಲನ್ನು ದೊಡ್ಡವರೇ ಉಜ್ಜಿಸಲಿ. ಜಾತ್ರೆಯ ಬೆಂಡು ಬತ್ತಾಸು ತಿನ್ನಲಿ, ಆದರೆ ಸಂಜೆಯವರೆಗೂ ಚೀಪುತ್ತಾ ಇರುವುದು ಬೇಡ.

ಕೊನೆಗೆ ಸರ್ಕಾರಕ್ಕೊಂದು ಮಾತು. ಹಳ್ಳಿಯ ಕೂಲಿಯವರಿಗೆ ಹಲ್ಲು ತೋರಿಸಲು ಪಟ್ಟಣಕ್ಕೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಆದ್ದರಿಂದಲೇ ಅವರು ಕೀಳಿಸುವ ಹಂತದವರೆಗೆ ಕಾಯುತ್ತಾರೆ. ತಿಂಗಳಿಗೊಂದು ದಿನ ದಂತ ವೈದ್ಯರು ಹೋಬಳಿಗೇ ಬಂದು ವಸಡು ನೋಡಿದರೆ ಎಷ್ಟೋ ಹಲ್ಲು ಉಳಿದಾವು. ಬಡ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಯೋಜನೆಯನ್ನು ನಮ್ಮ ರಾಜ್ಯ ತಂದದ್ದು ಒಳ್ಳೆಯದೇ. ಆದರೆ ಸೆಟ್ ಬೇಕಾಗದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಭಾಗ್ಯ.

ಇಂದು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರನ್ನು ಒಮ್ಮೆ ಕೇಳಿ: ‘ಉಜ್ಜುವಾಗ ರಕ್ತ ಬರುತ್ತದೆಯೇ?’ ಹೌದೆಂದರೆ ಕಡಲೆ ತಿನ್ನುವ ಭಾಗ್ಯವನ್ನು ಉಳಿಸಿಕೊಳ್ಳಲು ಇನ್ನೂ ಸಮಯವಿದೆ.