ಹಳೆಯ ಒಡನಾಡಿಗಳೇ ತೀರ್ಪುಗಾರರಾದರೆ?

ಪ್ಲೇನೊ, ಫ್ರಿಸ್ಕೊ, ಮೆಕಿನಿಯ ಕನ್ನಡ ಮತದಾರರೇ,

ಕರ್ನಾಟಕದಲ್ಲಿ ಅಡ್ವೊಕೇಟ್ ಜನರಲ್ ಎಂದರೆ ರಾಜ್ಯಪಾಲರು ನೇಮಿಸುವ ವಕೀಲರು. ಸರ್ಕಾರ ಬದಲಾದರೆ ಸಾಮಾನ್ಯವಾಗಿ ಅವರೂ ಬದಲಾಗುತ್ತಾರೆ. ಟೆಕ್ಸಸ್‌ನ ಅಟಾರ್ನಿ ಜನರಲ್‌ರನ್ನು ನಾಲ್ಕು ವರ್ಷಕ್ಕೊಮ್ಮೆ ಆರಿಸುವವರು ಮತದಾರರು. ಹಾಗಾಗಿ ಆ ಕುರ್ಚಿಗೆ ಶಾಸನಸಭೆಯೂ ಒಂದು ದಾರಿ. ಕೆನ್ ಪ್ಯಾಕ್ಸ್‌ಟನ್ ಬಂದದ್ದು ಹಾಗೆಯೇ: ನಿಮ್ಮದೇ ಕಾಲಿನ್ ಕೌಂಟಿಯಿಂದ 2003ರಲ್ಲಿ ರಾಜ್ಯದ ಕೆಳಮನೆಗೆ, 2013ರಲ್ಲಿ ಸೆನೆಟ್‌ಗೆ, 2015ರಲ್ಲಿ ಅಟಾರ್ನಿ ಜನರಲ್ ಹುದ್ದೆಗೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಹೀಗೆ ಬಂದವರ ಮೇಲೆ ಆರೋಪ ಎದ್ದಾಗ ವಿಚಾರಣೆಗೆ ಕೂರುವವರು ಅವರ ಹಳೆಯ ಒಡನಾಡಿಗಳೇ. ಆ ಅಧಿಕಾರ ನ್ಯಾಯಾಧೀಶರಿಗೆ ಹೋಗಬೇಕು ಎಂಬುದು ನಮ್ಮ ವಾದ.

2020ರಲ್ಲಿ ಪ್ಯಾಕ್ಸ್‌ಟನ್ ಅವರ ಹಿರಿಯ ಅಧಿಕಾರಿಗಳೇ ಎಫ್‌ಬಿಐಗೆ ದೂರು ಕೊಟ್ಟರು. ದೇಣಿಗೆ ಕೊಟ್ಟಿದ್ದ ಆಸ್ಟಿನ್‌ನ ರಿಯಲ್ ಎಸ್ಟೇಟ್ ಉದ್ಯಮಿಯೊಬ್ಬರಿಗಾಗಿ ಹುದ್ದೆಯನ್ನು ದುರುಪಯೋಗ ಮಾಡಿಕೊಂಡರು ಎಂಬುದು ಆರೋಪ. ಪ್ಯಾಕ್ಸ್‌ಟನ್ ಅದನ್ನು ಅಲ್ಲಗಳೆದರು. ಅವರಲ್ಲಿ ಕೆಲಸದಿಂದ ತೆಗೆಯಲ್ಪಟ್ಟ ನಾಲ್ವರು ದಾವೆ ಹೂಡಿದರು; ಅದು 2023ರ ಫೆಬ್ರವರಿಯಲ್ಲಿ 33 ಲಕ್ಷ ಡಾಲರ್‌ಗೆ ರಾಜಿಯಾಯಿತು. ಆ ಹಣವನ್ನು ಬೊಕ್ಕಸದಿಂದ ಕೇಳಿದಾಗ ಕೆಳಮನೆ ತನಿಖೆಗೆ ಇಳಿಯಿತು. (ಜನಪ್ರತಿನಿಧಿಗಳಿಗೆ ದೂರಿಗಿಂತ ಬಿಲ್ಲು ಬೇಗ ಅರ್ಥವಾಗುತ್ತದೆ.) ಮೇ 27ರಂದು 121–23 ಮತಗಳಿಂದ ಮಹಾಭಿಯೋಗ ಅಂಗೀಕಾರವಾಯಿತು. ಆ 121ರಲ್ಲಿ 60 ಮಂದಿ ಅವರದೇ ರಿಪಬ್ಲಿಕನ್ ಪಕ್ಷದವರು. ಇದನ್ನು ವಿರೋಧ ಪಕ್ಷದ ಪಿತೂರಿ ಎನ್ನುವುದು ಕಷ್ಟ.

ಆಮೇಲೆ ವಿಚಾರಣೆ ಸೆನೆಟ್‌ನಲ್ಲಿ. ಅಲ್ಲಿ ತೀರ್ಪುಗಾರರ ಸಾಲಿನಲ್ಲಿ ಆರೋಪಿಯ ಪತ್ನಿ, ಸೆನೆಟರ್ ಏಂಜೆಲಾ ಪ್ಯಾಕ್ಸ್‌ಟನ್ ಕೂತಿದ್ದರು. ಮತ ಹಾಕುವಂತಿರಲಿಲ್ಲ; ಆದರೆ ಮೂರನೇ ಎರಡರಷ್ಟು ಲೆಕ್ಕ ಹಾಕುವಾಗ ಅವರನ್ನೂ ಎಣಿಸಿದ್ದರಿಂದ ದೋಷಿ ಎನ್ನಲು 30 ಮತಗಳಲ್ಲಿ 21 ಬೇಕಾದವು. ಅಧ್ಯಕ್ಷತೆ ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್ ಅವರದು. ವಿಚಾರಣೆಗೆ ಕೆಲವೇ ತಿಂಗಳ ಮುಂಚೆ, ಪ್ಯಾಕ್ಸ್‌ಟನ್ ಪರವಾಗಿದ್ದ ರಾಜಕೀಯ ನಿಧಿಯೊಂದು ಪ್ಯಾಟ್ರಿಕ್ ಅವರಿಗೆ 10 ಲಕ್ಷ ಡಾಲರ್ ದೇಣಿಗೆಯನ್ನೂ 20 ಲಕ್ಷ ಡಾಲರ್ ಸಾಲವನ್ನೂ ಕೊಟ್ಟಿತ್ತು. ಯಾವ ಆರೋಪಕ್ಕೂ 14ಕ್ಕಿಂತ ಹೆಚ್ಚು ಮತ ಬೀಳಲಿಲ್ಲ. ಸೆಪ್ಟೆಂಬರ್ 16ರಂದು ಖುಲಾಸೆಯಾಯಿತು.

ಖುಲಾಸೆಯಾದ ಮೇಲೆ ಇನ್ನೇನು ಎನ್ನಬಹುದು. ಕೇಂದ್ರ ನ್ಯಾಯ ಇಲಾಖೆಯೂ ಮೊಕದ್ದಮೆ ಹೂಡಲಿಲ್ಲ ಎಂಬುದು ನಿಜ. ಅವರು ನಿರಪರಾಧಿಯೇ ಇರಬಹುದು. ಹಾಗಿದ್ದರೆ ಇಂಥ ಪಂಚಾಯಿತಿಯ ತೀರ್ಪು ಅವರಿಗೂ ಅನ್ಯಾಯವೇ; ಅದನ್ನು ನಂಬದವರು ಇದ್ದೇ ಇರುತ್ತಾರೆ. 2025ರಲ್ಲಿ ಟ್ರಾವಿಸ್ ಕೌಂಟಿಯ ನ್ಯಾಯಾಲಯ, ದಾವೆ ಹೂಡಿದ್ದ ಆ ನಾಲ್ವರು ಅಧಿಕಾರಿಗಳಿಗೆ 66 ಲಕ್ಷ ಡಾಲರ್ ಕೊಡಬೇಕೆಂದು ಹೇಳಿತು. ಒಂದೇ ಸಂಗತಿ, ಎರಡು ಪೀಠ, ಎರಡು ಬಗೆಯ ಕಣ್ಣು.

ಆರೋಪ ಗೊತ್ತಿದ್ದೇ 2022ರಲ್ಲಿ ಜನ ಅವರನ್ನು ಮತ್ತೆ ಗೆಲ್ಲಿಸಲಿಲ್ಲವೇ ಎಂಬುದು ಇನ್ನೊಂದು ಮಾತು. ಮತದಾರ ಇಬ್ಬರು ಮೂವರಲ್ಲಿ ಒಬ್ಬರನ್ನು ಆರಿಸುತ್ತಾನೆ, ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವುದಿಲ್ಲ. ಗಟ್ಟಿ ಆಕ್ಷೇಪ ಬೇರೆಯದು: ಟೆಕ್ಸಸ್‌ನಲ್ಲಿ ನ್ಯಾಯಾಧೀಶರೂ ಪಕ್ಷದ ಹೆಸರಿನಲ್ಲೇ ಗೆದ್ದು ಬರುತ್ತಾರಲ್ಲ? ಹೌದು, ಅವರೇನು ದೇವರಲ್ಲ. ಆದರೆ ನ್ಯಾಯಾಧೀಶರು ಪಕ್ಷಪಾತಿ ಎನಿಸಿದರೆ ಅವರನ್ನು ಹಿಂದೆ ಸರಿಸಿ ಎಂದು ಅರ್ಜಿ ಹಾಕಲು ಅವಕಾಶವಿದೆ. ಅದನ್ನು ಬೇರೊಬ್ಬ ನ್ಯಾಯಾಧೀಶರು ತೀರ್ಮಾನಿಸಬಹುದು. ಸೆನೆಟ್‌ನಲ್ಲಿ ನಿಯಮ ಮಾಡಿದವರೂ ಸೆನೆಟರುಗಳೇ, ಮತ ಹಾಕಿದವರೂ ಅವರೇ.

ಇದನ್ನು ಬದಲಿಸಲು ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ಬೇಕು: ಕೆಳಮನೆಯಲ್ಲಿ 100, ಸೆನೆಟ್‌ನಲ್ಲಿ 21 ಮತ, ಆಮೇಲೆ ನಿಮ್ಮ ಮತ. ತಮ್ಮ ಅಧಿಕಾರವನ್ನು ತಾವೇ ಬಿಟ್ಟುಕೊಡಲು ಸೆನೆಟರುಗಳು ಮುಂದಾಗುವುದಿಲ್ಲ. ಹಾಗಾಗಿ ಯಾವ ಪಕ್ಷದ ಅಭ್ಯರ್ಥಿ ನಿಮ್ಮ ಬಡಾವಣೆಗೆ ಬಂದರೂ ಈ ತಿದ್ದುಪಡಿಗೆ ಮತ ಹಾಕುತ್ತೀರಾ ಎಂದು ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.